ಓಟವೋ, ನಾಟಕವೋ, ಯಕ್ಷಗಾನವೋ: ಬಡ ಮನೆಯ ಮಗುವಿಗೆ ಯಾವ ದಾರಿ?

ಶಾಲೆಯ ವರ್ಷ ಮುಗಿಯುವ ಮೊದಲೇ ಕ್ರೀಡಾ ಹಾಸ್ಟೆಲ್ ಆಯ್ಕೆಯ ಸುದ್ದಿ ಪೇಪರಿನಲ್ಲಿ ಬರುತ್ತದೆ. ಬೇಸಿಗೆ ಕಳೆಯುವ ಹೊತ್ತಿಗೆ ರಂಗಶಾಲೆಗಳು ಅರ್ಜಿ ಕರೆಯುತ್ತವೆ. ಆಗೆಲ್ಲ ಎಷ್ಟೋ ಮನೆಗಳಲ್ಲಿ, ಎಷ್ಟೋ ಸ್ಟಾಫ್ ರೂಮುಗಳಲ್ಲಿ ಇದೇ ಮಾತು: "ಈ ಹುಡುಗಿ ಚೆನ್ನಾಗಿ ಓಡ್ತಾಳೆ, ಚೆನ್ನಾಗಿ ಹಾಡ್ತಾಳೆ. ಮನೇಲಿ ಕಷ್ಟ. ಎಲ್ಲಿಗೆ ಕಳಿಸೋದು?"

ಅಪ್ಪ ಅಮ್ಮ, ಪಿಟಿ ಮೇಷ್ಟ್ರು, ಯುವಕ ಸಂಘದವರು, ಒಂದು ಮಗುವಿನ ಖರ್ಚು ನೋಡಿಕೊಳ್ಳೋಣ ಅಂದುಕೊಂಡ ಹಳೆ ವಿದ್ಯಾರ್ಥಿಗಳು, ಇವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕರ್ನಾಟಕದಲ್ಲಿ ಇರುವ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ನನ್ನ ಅಳತೆ ಒಂದೇ. ಗೆದ್ದವರ ಫೋಟೋ ನೋಡಿ ದಾರಿ ಆರಿಸಬೇಡಿ. ಅದೇ ಬ್ಯಾಚಿನಲ್ಲಿ ಸಾಧಾರಣವಾಗಿ ಉಳಿದ ಮಗು ಇಪ್ಪತ್ತರ ವಯಸ್ಸಿಗೆ ಏನು ಕೈಲಿ ಹಿಡಿದು ಹೊರಗೆ ಬಂತು ಅಂತ ಕೇಳಿ. ಪದಕ ಗೆದ್ದವರಿಗೆ ಹೇಗೋ ದಾರಿ ಸಿಗುತ್ತದೆ. ನಾವು ಯೋಚನೆ ಮಾಡಬೇಕಾದ್ದು ಉಳಿದವರ ಬಗ್ಗೆ.

ಎರಡೂ ದಾರಿ ಕಂಡ ಒಂದು ಸಮುದಾಯ

ಆಟ ಮತ್ತು ಕಲೆ ಎರಡನ್ನೂ ಒಂದೇ ಕಡೆ ಪ್ರಯೋಗ ಮಾಡಿ ನೋಡಿದ ಜಾಗ ನಮ್ಮಲ್ಲೇ ಇದೆ. ಅದು ಉತ್ತರ ಕನ್ನಡ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಂಚಿನಲ್ಲಿ ಸಿದ್ದಿಗಳು ಇದ್ದಾರೆ. ಅವರ ಹಿರಿಯರನ್ನು ಶತಮಾನಗಳ ಹಿಂದೆ ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ತಂದರು. ಗೋವಾದಿಂದ ತಪ್ಪಿಸಿಕೊಂಡು ಬಂದವರು ಕಾಡಿನಲ್ಲಿ ನೆಲೆ ನಿಂತರು. ಈ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ.

1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ, ಅಂದರೆ ಎಲ್ಲರೂ ಕರೆಯುವ ಹಾಗೆ ಸಾಯ್, ಸಿದ್ದಿ ಮಕ್ಕಳನ್ನು ಹುಡುಕಿಕೊಂಡು ಬಂತು. 'ಸ್ಪೆಷಲ್ ಏರಿಯಾ ಗೇಮ್ಸ್' ಅನ್ನುವ ಯೋಜನೆ. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದ ಮಾರ್ಗರೆಟ್ ಆಳ್ವ ಇದಕ್ಕೆ ಬೆನ್ನಾಗಿ ನಿಂತರು. ಮಕ್ಕಳನ್ನು ಹಾಸ್ಟೆಲಿಗೆ ಸೇರಿಸಿ ಊಟ, ಬಟ್ಟೆ, ಶೂ, ತರಬೇತಿ ಕೊಟ್ಟರು. ಕೆಲವರು ರಾಷ್ಟ್ರೀಯ ಮಟ್ಟದಲ್ಲಿ ಪದಕ ಗೆದ್ದರು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ಆಮೇಲೆ 1993ರ ಹೊತ್ತಿಗೆ ಯೋಜನೆ ನಿಂತುಹೋಯಿತು. ಮಧ್ಯದಲ್ಲಿದ್ದ ಮಕ್ಕಳು ಊರಿಗೆ ವಾಪಸ್ ಬಂದರು. ಓಡುವ ಕಾಲು ಇತ್ತು, ಓಡಿಸುವವರು ಇರಲಿಲ್ಲ.

ಅದೇ ಜಿಲ್ಲೆಯಲ್ಲಿ, ಹೆಚ್ಚುಕಮ್ಮಿ ಅದೇ ದಶಕದಲ್ಲಿ, ಸಾಗರ ಕಡೆಯ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನವರು ಮಂಚೀಕೇರಿಯಲ್ಲಿ ಸಿದ್ದಿಗಳ ಜೊತೆ ಕೂತು ನಾಟಕ ಮಾಡಿಸಿದರು. ಅಲ್ಲಿ ಪದಕ ಇಲ್ಲ, ಕೋಟಾ ಇಲ್ಲ. ಆದರೆ ಆ ಎಳೆ ಕಡಿಯಲಿಲ್ಲ. ಮುಂದೆ ಸಿದ್ದಿ ಹುಡುಗ ಹುಡುಗಿಯರು ನೀನಾಸಂಗೆ ಹೋಗಿ ಕಲಿತರು. ಗಿರಿಜಾ ಸಿದ್ದಿ, ಗೀತಾ ಸಿದ್ದಿ ರಂಗಭೂಮಿಯಲ್ಲಿ ಹೆಸರು ಮಾಡಿದರು. ಪ್ರಶಾಂತ್ ಸಿದ್ದಿ ಕನ್ನಡ ಸಿನಿಮಾದಲ್ಲಿ ನಟರಾದರು.

ಕ್ರೀಡೆಯ ಯೋಜನೆ ದೊಡ್ಡದಾಗಿತ್ತು, ದುಡ್ಡಿತ್ತು, ಬೇಗ ಫಲ ಕೊಟ್ಟಿತು, ಬೇಗ ಮುಗಿಯಿತು. ನಾಟಕದ ಕೆಲಸ ಚಿಕ್ಕದು, ನಿಧಾನ, ಕೆಲವೇ ಜನರನ್ನು ಮುಟ್ಟಿತು, ಆದರೆ ಉಳಿಯಿತು. ಇದು ಕ್ರೀಡೆಯ ತಪ್ಪು ಅಂತ ನಾನು ಹೇಳುವುದಿಲ್ಲ. ದೂರದ ಕಚೇರಿಯೊಂದರ ತೀರ್ಮಾನದ ಮೇಲೆ ಪೂರ್ತಿ ನಿಂತಿದ್ದ ಕೆಲಸ, ಆ ತೀರ್ಮಾನ ಬದಲಾದ ದಿನ ಬಿತ್ತು. ಊರಲ್ಲಿ ಒಬ್ಬ ಕೋಚ್ ಉಳಿದಿದ್ದರೆ ಕಥೆ ಬೇರೆಯಾಗುತ್ತಿತ್ತು. ಈಚಿನ ವರ್ಷಗಳಲ್ಲಿ ಬ್ರಿಜಸ್ ಆಫ್ ಸ್ಪೋರ್ಟ್ಸ್ ಅನ್ನುವ ಸಂಸ್ಥೆ ಇದೇ ಜಿಲ್ಲೆಯಲ್ಲಿ ಸಿದ್ದಿ ಮಕ್ಕಳಿಗೆ ಅಥ್ಲೆಟಿಕ್ಸ್ ಕಲಿಸುತ್ತಿದೆ. ಸ್ಥಳೀಯವಾಗಿ ಬೇರು ಬಿಡುವ ಪ್ರಯತ್ನ ಅದು, ಹಾಗಾಗಿ ನನಗೆ ಅದರ ಮೇಲೆ ಭರವಸೆ ಇದೆ.

ಕ್ರೀಡಾ ಹಾಸ್ಟೆಲ್ ಮತ್ತು ಸಾಯ್

ಊಟ, ವಸತಿ, ಓದು, ಕೋಚ್, ಎಲ್ಲವೂ ಒಟ್ಟಿಗೆ ಸಿಗುವ ದೊಡ್ಡ ಏಣಿ ಎಂದರೆ ಇದೇ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಹಲವು ಜಿಲ್ಲೆಗಳಲ್ಲಿ ಕ್ರೀಡಾ ವಸತಿ ನಿಲಯ ನಡೆಸುತ್ತದೆ. ಕೊಡಗಿನ ಕೂಡಿಗೆ, ಬೆಳಗಾವಿ ಜಿಲ್ಲೆಯ ಚಂದರಗಿಯಲ್ಲಿ ಕ್ರೀಡಾ ಶಾಲೆಗಳಿವೆ. ಸಾಯ್ ಕೇಂದ್ರಗಳು ಬೆಂಗಳೂರು, ಧಾರವಾಡ, ಮಡಿಕೇರಿಯಲ್ಲಿವೆ. ಹುಡುಗರಿಗೆ ಸೇನೆಯ ಬಾಯ್ಸ್ ಸ್ಪೋರ್ಟ್ಸ್ ಕಂಪನಿ ಅನ್ನುವ ಇನ್ನೊಂದು ದಾರಿಯಿದೆ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಅಂಥದ್ದೊಂದಿದೆ. ಅಲ್ಲಿಗೆ ಸೇರಿದ ಹುಡುಗ ಓದುತ್ತ, ಆಡುತ್ತ ಬೆಳೆದು, ಅರ್ಹತೆ ಬಂದರೆ ಸೈನ್ಯಕ್ಕೇ ಸೇರುತ್ತಾನೆ. ಹಳ್ಳಿಗಳಲ್ಲಿ ಇದರ ಸುದ್ದಿ ಗೊತ್ತಿರುವವರು ಕಡಿಮೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಇಲ್ಲಿ ವಯಸ್ಸೇ ಎಲ್ಲ. ಐದನೇ ಕ್ಲಾಸಿಗೆ ಸೇರಿಸಿಕೊಳ್ಳುವ ಹಾಸ್ಟೆಲ್‌ಗಳಲ್ಲಿ ಮಗು ಯಾವ ಆಟ ಆಡುತ್ತದೆ ಅನ್ನುವುದಕ್ಕಿಂತ ಮೈಕಟ್ಟನ್ನು ನೋಡುತ್ತಾರೆ. ಎತ್ತರ, ನಿಂತಲ್ಲಿಂದ ಜಿಗಿತ, ಶಟಲ್ ಓಟ, 800 ಮೀಟರ್, ಇಂಥ ಪರೀಕ್ಷೆಗಳು. ಸಾಯ್ ತರಬೇತಿ ಕೇಂದ್ರಗಳು ಸಾಮಾನ್ಯವಾಗಿ 12ರಿಂದ 18ರ ಒಳಗಿನವರಿಗೆ. ಹದಿನೇಳರಲ್ಲಿ "ನಾನು ಓಡಬೇಕು" ಅಂತ ಬಂದವರಿಗೆ ಬಾಗಿಲು ಅರ್ಧ ಮುಚ್ಚಿರುತ್ತದೆ.

ಇದರಿಂದಲೇ ವಯಸ್ಸು ತಿದ್ದುವ ರೋಗ ಹುಟ್ಟಿದ್ದು. ಜನನ ಪ್ರಮಾಣಪತ್ರದಲ್ಲಿ ಎರಡು ವರ್ಷ ಇಳಿಸಿದರೆ ಈ ವರ್ಷ ಗೆಲ್ಲಬಹುದು. ಮುಂದೆ ಮೂಳೆಯ ಎಕ್ಸ್‌ರೇ ತೆಗೆದು ವಯಸ್ಸು ನೋಡಿದಾಗ ಸಿಕ್ಕಿಬೀಳುವುದು ಮಗು, ತಿದ್ದಿಸಿದವರಲ್ಲ. ಯಾರು ಸಲಹೆ ಕೊಟ್ಟರೂ ಈ ಕೆಲಸ ಮಾಡಬೇಡಿ.

ಇನ್ನು ಲಾಭದ ಮಾತು. ರೈಲ್ವೆ, ಪೊಲೀಸ್, ಸೇನೆ, ಅಂಚೆ, ಬ್ಯಾಂಕು, ಇಲ್ಲೆಲ್ಲ ಆಟಗಾರರಿಗೆ ಅಂತಲೇ ನೇಮಕ ಇದೆ. ಸಿಇಟಿಯಲ್ಲಿ ಕ್ರೀಡಾ ಕೋಟಾದ ಸೀಟು ಇದೆ. ನಾಟಕಕ್ಕೆ, ಯಕ್ಷಗಾನಕ್ಕೆ ಸಿಇಟಿಯಲ್ಲಿ ಅಂಥ ಸೀಟು ಇಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಸೈಕ್ಲಿಂಗ್ ಹುಡುಗರನ್ನು ನೋಡಿ. ಅಂತಾರಾಷ್ಟ್ರೀಯ ಹೆಸರು ಆಗದವರೂ ಸೈಕಲ್ ತುಳಿದೇ ಕೆಲಸ ಹಿಡಿದಿದ್ದಾರೆ. ರೈತ ಕೂಲಿ ಮನೆಯೊಂದಕ್ಕೆ ತಿಂಗಳ ಸಂಬಳ ಅಂದರೆ ಏನು ಅಂತ ಹೇಳಬೇಕಾಗಿಲ್ಲ ಅಲ್ವಾ?

ಆದರೆ ಆ ಕೋಟಾಕ್ಕೆ ಬೇಕಾದ್ದು ಮಾನ್ಯತೆ ಇರುವ ಫೆಡರೇಷನ್ನಿನ ಪ್ರಮಾಣಪತ್ರ. ಇಲ್ಲೇ ಬಡ ಮಕ್ಕಳು ಜಾಸ್ತಿ ಮೋಸ ಹೋಗುವುದು. 'ನ್ಯಾಷನಲ್ ಚಾಂಪಿಯನ್‌ಶಿಪ್' ಅಂತ ಹೆಸರಿಟ್ಟು, ಒಂದೊಂದು ಮಗುವಿಂದ ಸಾವಿರಗಟ್ಟಲೆ ರೂಪಾಯಿ ಪ್ರವೇಶ ಶುಲ್ಕ ತೆಗೆದುಕೊಂಡು, ಮೆಡಲ್ ಕೊಟ್ಟು ಕಳಿಸುವ ಕೂಟಗಳಿವೆ. ಆ ಮೆಡಲಿಗೆ ಊರಲ್ಲಿ ಮೆರವಣಿಗೆ ಆಗುತ್ತದೆ. ನೇಮಕಾತಿಯ ಮೇಜಿನ ಮುಂದೆ ಅದಕ್ಕೆ ಬೆಲೆ ಇರುವುದಿಲ್ಲ. ದುಡ್ಡು ಕಟ್ಟುವ ಮೊದಲು ಕೇಳಿ: ಈ ಕೂಟ ನಡೆಸುವವರಿಗೆ ಕೇಂದ್ರ ಸರ್ಕಾರದ ಮಾನ್ಯತೆ ಇದೆಯಾ? ಈ ಸರ್ಟಿಫಿಕೇಟು ಹಿಡಿದು ರೈಲ್ವೆಗೋ ಪೊಲೀಸಿಗೋ ಸೇರಿದವರು ಯಾರಾದರೂ ಇದ್ದಾರಾ?

ನಷ್ಟದ ಮಾತನ್ನೂ ಬಿಡುವ ಹಾಗಿಲ್ಲ. ಮಂಡಿಯ ಒಂದು ಏಟಿಗೆ ಐದು ವರ್ಷದ ಶ್ರಮ ಹೋಗಬಹುದು. ಹಾಸ್ಟೆಲಿನಲ್ಲಿ ಪ್ರತಿ ವರ್ಷ ಮಗುವಿನ ಸಾಧನೆ ನೋಡುತ್ತಾರೆ, ಸುಧಾರಣೆ ಕಾಣದಿದ್ದರೆ ಮನೆಗೆ ಕಳಿಸುತ್ತಾರೆ. ಎಂಟನೇ ಕ್ಲಾಸಿನಲ್ಲಿ ಹಾಗೆ ವಾಪಸ್ ಬಂದ ಮಗು ಎರಡು ಕಡೆ ಹಿಂದೆ ಬಿದ್ದಿರುತ್ತದೆ, ಆಟದಲ್ಲೂ ಓದಿನಲ್ಲೂ. ಆದ್ದರಿಂದ ಹಾಸ್ಟೆಲ್ ನೋಡಲು ಹೋದಾಗ ಟ್ರ್ಯಾಕ್ ಎಷ್ಟು ಚೆನ್ನಾಗಿದೆ ಅಂತ ನೋಡಿ ಬಂದರೆ ಸಾಲದು. ಕಳೆದ ವರ್ಷ ಎಸ್ಸೆಸ್ಸೆಲ್ಸಿ ಬರೆದವರಲ್ಲಿ ಎಷ್ಟು ಜನ ಪಾಸಾದರು ಅಂತ ಕೇಳಿ. ಉತ್ತರ ಹೇಳಲು ವಾರ್ಡನ್ ತಡವರಿಸಿದರೆ ಇನ್ನೊಮ್ಮೆ ಯೋಚಿಸಿ.

ಯಕ್ಷಗಾನ ಕೇಂದ್ರ ಮತ್ತು ಮೇಳ

ಕರಾವಳಿ, ಮಲೆನಾಡಿನವರಿಗೆ ಇದು ಹೊಸದಲ್ಲ. ಬಯಲುಸೀಮೆಯವರಿಗೆ ಇದೂ ಒಂದು ಜೀವನೋಪಾಯ ಅಂತ ಅಷ್ಟಾಗಿ ಗೊತ್ತಿಲ್ಲ. ನನ್ನ ಪ್ರಕಾರ ನಮ್ಮ ಪ್ರದರ್ಶನ ಕಲೆಗಳಲ್ಲಿ ವರ್ಷದ ಅರ್ಧ ಭಾಗವಾದರೂ ಖಚಿತ ಸಂಪಾದನೆ ಕೊಡುವ ವ್ಯವಸ್ಥೆ ಎಂದರೆ ಯಕ್ಷಗಾನ ಮೇಳ, ಅಂದರೆ ಊರೂರು ತಿರುಗಿ ಆಟ ಆಡುವ ತಂಡ.

ಉಡುಪಿಯ ಯಕ್ಷಗಾನ ಕೇಂದ್ರ 1971ರಲ್ಲಿ ಶುರುವಾಯಿತು. ಶಿವರಾಮ ಕಾರಂತರ ನಂಟು ಅದಕ್ಕಿತ್ತು. ಅಲ್ಲಿ ಗುರುಕುಲದ ರೀತಿ. ಮಕ್ಕಳು ಅಲ್ಲೇ ಇದ್ದು ಹೆಜ್ಜೆ, ತಾಳ, ಮಾತು, ಬಣ್ಣ ಎಲ್ಲ ಕಲಿಯುತ್ತಾರೆ, ಜೊತೆಗೆ ಶಾಲೆಗೂ ಹೋಗುತ್ತಾರೆ. ಬಡತನದಿಂದ ಬೇಗ ಶಾಲೆ ಬಿಟ್ಟ ಬನ್ನಂಜೆ ಸಂಜೀವ ಸುವರ್ಣರು ಇಲ್ಲಿ ದೊಡ್ಡ ಗುರುವಾದರು. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು ಕಟ್ಟಿದ ಶ್ರೀಮಯ ಕಲಾಕೇಂದ್ರವಿದೆ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟು ಕಲಿಯಬೇಕು ಅನ್ನುವವರಿಗೆ ದಕ್ಷಿಣ ಕನ್ನಡದ ಕಡೆ ಬೇರೆ ಗುರುಗಳಿದ್ದಾರೆ.

ಯಕ್ಷಗಾನದಲ್ಲಿ ನನಗೆ ಮೆಚ್ಚುಗೆಯಾದ ವಿಷಯ, ಸಾಧಾರಣ ಕಲಾವಿದನಿಗೂ ಜಾಗ ಇರುವುದು. ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿ ಕುಣಿಯುತ್ತಾನೆ, ಬಾಲಗೋಪಾಲ ಆಗುತ್ತಾನೆ. ಕಥೆಗೆ ಮೊದಲಿನ ಪೂರ್ವರಂಗದಿಂದ ಮೆಲ್ಲಗೆ ಪ್ರಸಂಗದೊಳಗೆ, ಅಂದರೆ ಕಥೆಯೊಳಗೆ, ಬರುತ್ತಾನೆ. ಎಲ್ಲರೂ ಎರಡನೇ ವೇಷ, ಪುರುಷವೇಷದಂಥ ಮುಖ್ಯ ಪಾತ್ರ ಕಟ್ಟುವವರೇ ಆಗಬೇಕಿಲ್ಲ. ಚಂಡೆ ಇದೆ, ಮದ್ದಳೆ ಇದೆ, ಹಾಡುವ ಭಾಗವತಿಕೆ ಇದೆ, ವೇಷಭೂಷಣ ಕಟ್ಟುವ ಕೆಲಸ ಇದೆ. ಓಟದಲ್ಲಿ ನಾಲ್ಕನೆಯವನಿಗೆ ಪದಕ ಇಲ್ಲ. ಇಲ್ಲಿ ನಾಲ್ಕನೆಯವನಿಲ್ಲದೆ ಆಟವೇ ನಡೆಯುವುದಿಲ್ಲ.

ಕಟೀಲು, ಮಂದಾರ್ತಿ, ಧರ್ಮಸ್ಥಳದಂಥ ಕಡೆ ಭಕ್ತರು ಹರಕೆ ಹೊತ್ತು ಆಡಿಸುವ ಆಟಗಳಿಗೆ ಕೊರತೆ ಇಲ್ಲ. ದೀಪಾವಳಿ ಕಳೆದ ಮೇಲೆ ತಿರುಗಾಟ ಶುರು, ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವುದು, ಅಲ್ಲಿಗೆ ಆ ವರ್ಷದ ತಿರುಗಾಟ ಮುಗಿಯಿತು. ಮಳೆಗಾಲದಲ್ಲಿ ಏನು? ಕೆಲವರು ಮನೆಮನೆಗೆ ಹೋಗುವ ಚಿಕ್ಕಮೇಳ ಮಾಡುತ್ತಾರೆ, ಕೆಲವರು ಶಾಲೆಗಳಲ್ಲಿ ಕಲಿಸುತ್ತಾರೆ, ಕೆಲವರು ಗದ್ದೆ ಕೆಲಸಕ್ಕೆ ಹೋಗುತ್ತಾರೆ. ರಾತ್ರಿಯಿಡೀ ನಿದ್ದೆಗೆಟ್ಟು ಮೈ ಸವೆಯುತ್ತದೆ. ವಯಸ್ಸಾದ ಮೇಲೆ ಪಿಂಚಣಿ ಅಂತ ಹೇಳುವಂಥದ್ದು ಇಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ, ಅದರಲ್ಲಿ ಮನೆ ನಡೆಯುವುದಿಲ್ಲ. ಭಾಗವತ ಪಟ್ಲ ಸತೀಶ್ ಶೆಟ್ಟರು ಕಷ್ಟದಲ್ಲಿರುವ ಕಲಾವಿದರ ನೆರವಿಗೆ ಒಂದು ಫೌಂಡೇಶನ್ ಕಟ್ಟಬೇಕಾಗಿ ಬಂತು ಅಂದರೆ ಈ ಕ್ಷೇತ್ರದ ಕೊರತೆ ಎಲ್ಲಿದೆ ಅಂತ ತಿಳಿಯುತ್ತದೆ.

ಹಾಗಾಗಿ ಮಗು ಮೇಳ ಸೇರುವುದಾದರೆ ಪಿಯುಸಿಯೋ ಐಟಿಐಯೋ ಮುಗಿಸಿಯೇ ಸೇರಲಿ. ಹದಿನಾಲ್ಕಕ್ಕೆ ಶಾಲೆ ಬಿಡಿಸಿ ಗೆಜ್ಜೆ ಕಟ್ಟಿಸುವ ಕಾಲ ಮುಗಿದಿದೆ.

ನಾಟಕ ಶಾಲೆಗಳು

ಇವು ತಡವಾಗಿ ತೆರೆಯುವ ಬಾಗಿಲುಗಳು. ಕ್ರೀಡೆ ಕೈಬಿಟ್ಟ ವಯಸ್ಸಿಗೆ ನಾಟಕ ಕೈ ಚಾಚುತ್ತದೆ. ಹದಿನೆಂಟು ದಾಟಿದವರು, ಕಾಲೇಜು ಅರ್ಧಕ್ಕೆ ನಿಂತವರು, ಊರಲ್ಲಿ ಕೂಲಿಗೆ ಹೋಗುತ್ತಿದ್ದವರು, ಇಂಥವರು ಬಂದು ಕಲಿತ ಉದಾಹರಣೆಗಳು ಬೇಕಾದಷ್ಟಿವೆ.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಹುಟ್ಟಿದ್ದು 1949ರಲ್ಲಿ. ಕೆ.ವಿ. ಸುಬ್ಬಣ್ಣನವರು ಅಲ್ಲಿ ರಂಗಶಿಕ್ಷಣ ಕೇಂದ್ರ ಶುರು ಮಾಡಿದ್ದು 1980ರಲ್ಲಿ. ಒಂದು ವರ್ಷದ ಡಿಪ್ಲೊಮಾ, ಅಲ್ಲೇ ವಾಸ, ಕನ್ನಡದಲ್ಲೇ ಪಾಠ. ಮುಗಿಸಿದವರಲ್ಲಿ ಕೆಲವರಿಗೆ 1985ರಿಂದ ನಡೆಯುತ್ತಿರುವ 'ತಿರುಗಾಟ'ದಲ್ಲಿ ಊರೂರು ಸುತ್ತುವ ಅವಕಾಶ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮೀಜಿಯವರ ರಂಗಶಾಲೆಯಿದೆ, ಅಲ್ಲಿಂದ 1997ರಿಂದ 'ಶಿವಸಂಚಾರ' ಹೊರಡುತ್ತದೆ. ಮೈಸೂರಿನ ರಂಗಾಯಣವನ್ನು ಕಟ್ಟಿದ್ದು ಬಿ.ವಿ. ಕಾರಂತರು, 1989ರಲ್ಲಿ. ಅಲ್ಲಿಯೂ ರಂಗಶಿಕ್ಷಣ ಇದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ ಇದೆ.

ಇವುಗಳಲ್ಲಿ ಯಾವುದು ಅಂತ ಕೇಳಿದರೆ, ಹಳ್ಳಿಯಿಂದ ಬಂದ, ಇಂಗ್ಲಿಷ್ ಕೇಳಿದರೆ ಮುದುಡಿಕೊಳ್ಳುವ ಹುಡುಗ ಹುಡುಗಿಗೆ ನಾನು ಮೊದಲು ಹೆಗ್ಗೋಡು ಅಥವಾ ಸಾಣೇಹಳ್ಳಿ ಹೇಳುತ್ತೇನೆ. ಎರಡೂ ಹಳ್ಳಿಯಲ್ಲೇ ಇರುವ ಶಾಲೆಗಳು. ಬಟ್ಟೆ, ಮೊಬೈಲು, ಮಾತಿನ ಶೈಲಿ ನೋಡಿ ಅಳೆಯುವ ಪೇಟೆಯ ಒತ್ತಡ ಅಲ್ಲಿಲ್ಲ. ಸೆಟ್ ಕಟ್ಟುವುದು, ಲೈಟು ಹಾಕುವುದು, ಬಟ್ಟೆ ಹೊಲಿಯುವುದು, ಲಾರಿಗೆ ಸಾಮಾನು ಏರಿಸುವುದು, ಎಲ್ಲವನ್ನೂ ಕಲಿಯಲೇಬೇಕು. ಅದಾಗಲೇ ನಟನೆಯಲ್ಲಿ ಸ್ವಲ್ಪ ಅನುಭವ ಇರುವವರಿಗೆ ಮೈಸೂರು, ಬೆಂಗಳೂರು ಸರಿ.

ಈ ದಾರಿಯಲ್ಲಿ ಕೆಲಸದ ಭರವಸೆ ಇಲ್ಲ. ಇದನ್ನು ಮುಚ್ಚಿಟ್ಟು ಮಗುವನ್ನು ಕಳಿಸಬಾರದು. ಸರ್ಕಾರಿ ಶಾಲೆಗಳಲ್ಲಿ ನಾಟಕ ಶಿಕ್ಷಕರು ಬೆರಳೆಣಿಕೆಯಷ್ಟು. ಡಿಪ್ಲೊಮಾ ಮುಗಿಸಿದವರು ಶಿಬಿರ ನಡೆಸುತ್ತಾರೆ, ಕಾಲೇಜು ಮಕ್ಕಳಿಗೆ ನಾಟಕ ಮಾಡಿಸುತ್ತಾರೆ, ಧಾರಾವಾಹಿಯಲ್ಲಿ ಸಣ್ಣ ಪಾತ್ರ ಮಾಡುತ್ತಾರೆ, ಲೈಟಿಂಗ್, ಮೇಕಪ್ ಕೆಲಸ ಹಿಡಿಯುತ್ತಾರೆ. ಬೇಸಿಗೆಯಲ್ಲಿ ಕೈತುಂಬ ಕೆಲಸ, ಜೂನ್ ಬಂದರೆ ಖಾಲಿ.

ಹಾಗಾದರೆ ಯಾಕೆ ಕಳಿಸಬೇಕು? ಮಾತು ಬರುತ್ತದೆ ಅನ್ನುವ ಕಾರಣಕ್ಕೆ. ಇದನ್ನು ಸಣ್ಣ ವಿಷಯ ಅಂತ ತಿಳಿಯಬೇಡಿ. ತಲೆಮಾರುಗಳಿಂದ "ಸುಮ್ನೆ ನಿಂತ್ಕೋ" ಅನ್ನಿಸಿಕೊಂಡ ಮನೆಯ ಮಗು ಸಾವಿರ ಜನರ ಮುಂದೆ ನಿಂತು ಗಟ್ಟಿಯಾಗಿ ಮಾತಾಡುವುದು ಕಲಿತರೆ, ಮುಂದೆ ಪಂಚಾಯ್ತಿ ಕಚೇರಿಯಲ್ಲೋ ಆಸ್ಪತ್ರೆಯಲ್ಲೋ ಅದನ್ನು ಯಾರೂ ಹಿಂದಕ್ಕೆ ತಳ್ಳಲು ಆಗುವುದಿಲ್ಲ. ಸಂಬಳದ ಚೀಟಿಯಲ್ಲಿ ಇದು ಕಾಣುವುದಿಲ್ಲ. ಆದರೆ ಸಿದ್ದಿಗಳ ನಾಟಕ ಇಷ್ಟು ವರ್ಷ ಉಳಿದದ್ದು ಇದರಿಂದಲೇ ಅಂತ ನಾನು ನಂಬಿದ್ದೇನೆ.

ದತ್ತು ಯೋಜನೆ

ಕೆಲವು ಖಾಸಗಿ ಸಂಸ್ಥೆಗಳು ಪ್ರತಿಭೆ ನೋಡಿ ಮಕ್ಕಳ ಓದು, ಊಟ, ವಸತಿ ಪೂರ್ತಿ ನೋಡಿಕೊಳ್ಳುತ್ತವೆ. ಮೂಡುಬಿದಿರೆಯ ಆಳ್ವಾಸ್ ಇದರಲ್ಲಿ ಹೆಸರುವಾಸಿ. ಕ್ರೀಡೆಗೂ ಇದೆ, ಯಕ್ಷಗಾನ, ನೃತ್ಯದಂಥ ಕಲೆಗಳಿಗೂ ಇದೆ. ಡಿಗ್ರಿ ಮುಗಿಯುವವರೆಗೆ ಮಗುವಿಗೆ ನೆಲೆ ಸಿಗುತ್ತದೆ, ಅದೇ ಇದರ ದೊಡ್ಡ ಬಲ. ಬೇರೆ ಯಾವುದೇ ಕಾಲೇಜು ಇಂಥ ಮಾತು ಕೊಟ್ಟರೆ ಒಂದೇ ವಿಷಯ ಬರವಣಿಗೆಯಲ್ಲಿ ಕೇಳಿ ಪಡೆಯಿರಿ: ಗಾಯವಾಗಿ ಆಡಲು ಆಗದಿದ್ದರೆ ಫೀಸ್ ಯಾರು ಕಟ್ಟುತ್ತಾರೆ?

ಊರಲ್ಲೇ, ಸಂಜೆ ಹೊತ್ತು

ಮಗುವನ್ನು ಎಲ್ಲಿಗೂ ಕಳಿಸದೆ ಇರುವುದೂ ಒಂದು ಆಯ್ಕೆ. ಇದನ್ನು ಕೊನೆಗೆ ಇಟ್ಟಿದ್ದೇನೆ, ಆದರೆ ಹೆಚ್ಚಿನ ಮಕ್ಕಳಿಗೆ ಆಗುವುದು ಇದೇ.

ಬೆಂಗಳೂರಿನ ಗೌತಮಪುರದಲ್ಲಿ ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಪೆಲೆಯ ಪ್ರತಿಮೆ ಇದೆ. ಸಣ್ಣ ಮನೆಗಳ, ಇಕ್ಕಟ್ಟಾದ ಬಡಾವಣೆ. ಅಲ್ಲಿಂದ ಪೀಳಿಗೆಗಟ್ಟಲೆ ಫುಟ್‌ಬಾಲ್ ಆಟಗಾರರು ಬಂದರು. ಅದೇ ನಗರದಲ್ಲಿ 1999ರಿಂದ ಡ್ರೀಮ್ ಎ ಡ್ರೀಮ್ ಸಂಸ್ಥೆ ಬಡ ಮಕ್ಕಳ ಜೊತೆ ಕೆಲಸ ಮಾಡುತ್ತಿದೆ. ಫುಟ್‌ಬಾಲ್ ಮತ್ತು ಕಲೆ ಅಲ್ಲಿ ಒಂದು ನೆಪ. ಜಗಳ ಬಗೆಹರಿಸುವುದು, ತೀರ್ಮಾನ ತೆಗೆದುಕೊಳ್ಳುವುದು, ಸೋತಾಗ ಎದ್ದು ನಿಲ್ಲುವುದು, ಇವನ್ನು ಆಟದ ಮೂಲಕ ಕಲಿಸುತ್ತಾರೆ. ಶಿಲ್ಪಿ ಜಾನ್ ದೇವರಾಜ್ ಕಟ್ಟಿದ ಬಾರ್ನ್ ಫ್ರೀ ಆರ್ಟ್ ಸ್ಕೂಲ್ ದುಡಿಮೆಯಿಂದ ಬಿಡಿಸಿಕೊಂಡು ಬಂದ ಮಕ್ಕಳ ಜೊತೆ ಕಲೆಯ ಮೂಲಕ ಕೆಲಸ ಮಾಡಿತು. ಯಾರೂ ಇಲ್ಲಿ ಚಾಂಪಿಯನ್ ಆಗಬೇಕಿಲ್ಲ.

ಹಳ್ಳಿಯಲ್ಲಿ ಇದಕ್ಕೆ ಬೇಕಾದ್ದು ಒಂದು ಖೊಖೊ ಅಂಕಣ, ಎರಡು ಕಂಬ, ಒಬ್ಬ ಹಠಮಾರಿ ಮೇಷ್ಟ್ರು. ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ 2025ರ ಜನವರಿಯಲ್ಲಿ ಖೊಖೊ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಶೂ ಕೂಡ ಬೇಡದ ಆಟಗಳನ್ನು ನಾವು ಕಡೆಗಣಿಸುತ್ತೇವೆ. ಬಡ ಊರಿಗೆ ಖೊಖೊ, ಕಬಡ್ಡಿ, ಓಟ, ಕುಸ್ತಿ ಹೊಂದುವ ಹಾಗೆ ಕ್ರಿಕೆಟ್ ಹೊಂದುವುದಿಲ್ಲ. ಕ್ರಿಕೆಟ್ ಕಿಟ್ಟಿಗೆ, ಪೇಟೆಯ ಅಕಾಡೆಮಿಗೆ ಸಾಲ ಮಾಡಿದ ಮನೆಗಳನ್ನು ನೋಡಿ ಈ ಮಾತು ಹೇಳುತ್ತಿದ್ದೇನೆ.

ದುಡ್ಡಿನ ಲೆಕ್ಕ

ಸರ್ಕಾರದ ನೆರವಿನಲ್ಲಿ ಎರಡು ಕ್ಷೇತ್ರಗಳ ನಡುವೆ ಎಷ್ಟು ಅಂತರ ಇದೆ ನೋಡಿ. ಕೇಂದ್ರದ ಕ್ರೀಡಾ ಯೋಜನೆಯಾದ ಖೇಲೋ ಇಂಡಿಯಾಕ್ಕೆ ಆಯ್ಕೆಯಾದ ಆಟಗಾರರಿಗೆ ಕೈಖರ್ಚಿಗೆ ಅಂತಲೇ ತಿಂಗಳಿಗೆ 10,000 ರೂಪಾಯಿ, ಅಂದರೆ ವರ್ಷಕ್ಕೆ 1.20 ಲಕ್ಷ ಬರುತ್ತದೆ. ತರಬೇತಿ, ವಸತಿ ಎಲ್ಲ ಸೇರಿಸಿದರೆ ಒಬ್ಬರ ಮೇಲೆ ವರ್ಷಕ್ಕೆ 6.28 ಲಕ್ಷದ ಲೆಕ್ಕ. ಇನ್ನೊಂದು ಕಡೆ, ಕಲೆ ಕಲಿಯುವ 10ರಿಂದ 14 ವರ್ಷದ ಮಕ್ಕಳಿಗೆ ಕೇಂದ್ರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ (ಸಿಸಿಆರ್‌ಟಿ) ಕೊಡುವ ವಿದ್ಯಾರ್ಥಿವೇತನ ಇದೆ. ಅದು ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುಗಳಿಗೆ ಕೊಡುವ ಶುಲ್ಕದ ಒಂದು ಪಾಲು. ಮೊತ್ತ ಚಿಕ್ಕದು, ಆದರೂ ಬಿಡಬೇಡಿ. ಪರಂಪರೆಯಿಂದ ಕಲೆ ಮಾಡಿಕೊಂಡು ಬಂದ ಮನೆಗಳ ಮಕ್ಕಳಿಗೆ ಅದರಲ್ಲಿ ಪ್ರತ್ಯೇಕ ಪಾಲು ಇದೆ. ನವೀಕರಿಸುತ್ತ ಹೋದರೆ ಇಪ್ಪತ್ತು ವರ್ಷದವರೆಗೂ ಸಿಗುತ್ತದೆ.

ಹೆಣ್ಣುಮಕ್ಕಳ ವಿಷಯ

ಹತ್ತನೇ ಕ್ಲಾಸು ಮುಗಿಯುತ್ತಿದ್ದಂತೆ ಮದುವೆ ಮಾತು ಎತ್ತುವ ಮನೆಗಳಲ್ಲಿ ಕ್ರೀಡಾ ಹಾಸ್ಟೆಲ್ ಒಂದು ಬೇಲಿಯ ಕೆಲಸ ಮಾಡುತ್ತದೆ. "ಸರ್ಕಾರ ಓದಿಸ್ತಿದೆ, ಮುಂದೆ ಪೊಲೀಸ್ ಆಗ್ತಾಳೆ" ಅನ್ನುವ ಮಾತಿಗೆ ಊರಲ್ಲಿ ಬೆಲೆ ಇದೆ. "ನಾಟಕ ಕಲೀತಿದ್ದಾಳೆ" ಅನ್ನುವ ಮಾತಿಗೆ ಇನ್ನೂ ಅಷ್ಟು ಬೆಲೆ ಇಲ್ಲ. ನನಗೆ ಇದು ಬೇಸರದ ವಿಷಯ, ಆದರೆ ಆಯ್ಕೆ ಮಾಡುವಾಗ ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಹದಿನಾರರೊಳಗಿನ ಹುಡುಗಿಗೆ, ಮನೆಯಲ್ಲಿ ಮದುವೆಯ ಒತ್ತಡ ಇದ್ದರೆ, ಕ್ರೀಡಾ ಹಾಸ್ಟೆಲ್ಲೇ ಮೊದಲ ಆಯ್ಕೆ.

ಎಲ್ಲಿಗೇ ಕಳಿಸಿದರೂ ಒಂದು ರಾತ್ರಿ ಅಲ್ಲಿ ಉಳಿದು ನೋಡಿ ಬನ್ನಿ. ಮಹಿಳಾ ವಾರ್ಡನ್ ರಾತ್ರಿ ಅಲ್ಲೇ ಇರುತ್ತಾರಾ? ಬಾತ್‌ರೂಮಿನ ಚಿಲಕ ಸರಿ ಇದೆಯಾ? ಮಗು ತನಗೆ ಬೇಕಾದಾಗ, ಯಾರೂ ಪಕ್ಕದಲ್ಲಿ ನಿಲ್ಲದೆ, ಮನೆಗೆ ಫೋನ್ ಮಾಡಬಹುದಾ? ದೂರು ಇದ್ದರೆ ಕೋಚ್ ಬಿಟ್ಟು ಬೇರೆ ಯಾರಿಗೆ ಹೇಳಬೇಕು? ಗಂಡುಮಕ್ಕಳಿಗೂ ಇವೇ ಪ್ರಶ್ನೆಗಳು. 1098 ಮಕ್ಕಳ ಸಹಾಯವಾಣಿಯ ನಂಬರನ್ನು ಮಗುವಿಗೆ ಬಾಯಿಪಾಠ ಮಾಡಿಸಿ ಕಳಿಸಿ.

ಜಾತಿ, ಕಲೆ, ಒಂದು ಎಚ್ಚರಿಕೆ

ಹೊರಗಿನಿಂದ ಬಂದ ದಾನಿಗಳು ಹಲವು ಸಲ ಹೇಳುವುದುಂಟು: "ಈ ಮಕ್ಕಳ ರಕ್ತದಲ್ಲೇ ಕಲೆ ಇದೆ, ಇವರ ಜನಪದ ಕಲೆಯನ್ನೇ ಕಲಿಸೋಣ." ಮಾತು ಒಳ್ಳೆಯದೇ. ಆದರೆ ತಮಟೆ ಬಾರಿಸುವುದು ಊರಲ್ಲಿ ಒಂದು ಜಾತಿಯ ಮೇಲೆ ಹೇರಿದ ಬಿಟ್ಟಿ ಚಾಕರಿ ಆಗಿದ್ದರೆ, "ನನ್ನ ಮಗನ ಕೈಗೆ ಇದು ಬೇಡ" ಅಂತ ಅಪ್ಪ ಹೇಳುವುದರಲ್ಲಿ ನ್ಯಾಯ ಇದೆ. ಅವರನ್ನು ಒತ್ತಾಯ ಮಾಡಬೇಡಿ. ಅದೇ ತಮಟೆಯಿಂದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಅದೂ ನಿಜ. ಜೋಗತಿ ನೃತ್ಯದಿಂದ ಬಂದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಮನೆಯಿಂದ ಹೊರಬಿದ್ದ ಎಷ್ಟೋ ಟ್ರಾನ್ಸ್‌ಜೆಂಡರ್ ಮಕ್ಕಳಿಗೆ ಧೈರ್ಯವಾದರು. ಆದರೆ ಕಲೆಯನ್ನು ಯಾವ ಗೌರವದಿಂದ, ಯಾವ ವೇದಿಕೆಯಲ್ಲಿ, ಎಷ್ಟು ಸಂಭಾವನೆಗೆ ಮಾಡುತ್ತಾರೆ ಅನ್ನುವುದನ್ನು ತೀರ್ಮಾನಿಸಬೇಕಾದವರು ಆ ಮನೆಯವರೇ.

ಸಿದ್ದಿ ಮಕ್ಕಳ ವಿಷಯದಲ್ಲೂ ಇದೇ ಎಚ್ಚರ ಬೇಕು. "ಆಫ್ರಿಕಾದ ಮೈಕಟ್ಟು, ಓಡಲಿ ಬಿಡಿ" ಅಂತ ಎಲ್ಲರನ್ನೂ ಟ್ರ್ಯಾಕಿಗೆ ತಳ್ಳುವುದು ಸುಲಭ. ಅವರಲ್ಲಿ ಲೆಕ್ಕದ ಹುಚ್ಚು ಇರುವ ಮಗು ಕೂಡ ಇರುತ್ತದೆ.

ಅಂಗವೈಕಲ್ಯ ಇರುವ ಮಕ್ಕಳಿಗೆ

ಇಲ್ಲಿ ನನ್ನ ಒಲವು ಕ್ರೀಡೆಯ ಕಡೆ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದರು. ಚಿಕ್ಕಮಗಳೂರಿನ ರಕ್ಷಿತಾ ರಾಜು ಕಣ್ಣು ಕಾಣದ ಓಟಗಾರ್ತಿ. ಅಪ್ಪ ಅಮ್ಮನನ್ನು ಚಿಕ್ಕಂದಿನಲ್ಲೇ ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದವರು. 2018ರಲ್ಲಿ, ಮತ್ತೆ ಚೀನಾದ ಹಾಂಗ್‌ಝೌನಲ್ಲಿ, ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಚಿನ್ನ ಗೆದ್ದರು. ಪ್ಯಾರಾ ಕ್ರೀಡೆಯಲ್ಲಿ ಪೈಪೋಟಿ ಇನ್ನೂ ಸ್ವಲ್ಪ ಕಡಿಮೆ, ವಯಸ್ಸಿನ ಗೋಡೆ ಅಷ್ಟು ಬಿಗಿ ಇಲ್ಲ. ತೊಂದರೆ ಇರುವುದು ಜೊತೆಗಾರರದ್ದು. ಕಣ್ಣು ಕಾಣದ ಓಟಗಾರರಿಗೆ ಜೊತೆಯಲ್ಲಿ ಓಡುವ ಗೈಡ್ ದಿನಾ ಬೇಕು. ಊರಿನ ಯುವಕರು ಕೊಡಬಹುದಾದ ದೊಡ್ಡ ನೆರವು ಅದು, ಒಂದು ರೂಪಾಯಿ ಖರ್ಚಿಲ್ಲ.

ನಾನಾದರೆ ಹೀಗೆ ಆರಿಸುತ್ತೇನೆ

ಮಗುವಿಗೆ ಹನ್ನೆರಡರೊಳಗೆ ವಯಸ್ಸು, ಮೈ ಚುರುಕು, ಮನೆಯಲ್ಲಿ ಎರಡು ಹೊತ್ತಿನ ಊಟಕ್ಕೆ ತೊಂದರೆ: ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಕರೆದುಕೊಂಡು ಹೋಗುತ್ತೇನೆ. ಮನೆಯಲ್ಲಿ ಊಟಕ್ಕೆ ಅಡ್ಡಿ ಇಲ್ಲ, ಓದಿನಲ್ಲೂ ಮಗು ಮುಂದಿದೆ ಅಂದರೆ ಹತ್ತನೇ ಕ್ಲಾಸಿನವರೆಗೆ ಊರಲ್ಲೇ ಸಂಜೆ ಆಡಲಿ, ಪಿಯುಸಿಗೆ ದತ್ತು ಯೋಜನೆ ನೋಡೋಣ. ತಾಳ, ಹಾಡು, ಮಾತಿನಲ್ಲಿ ಹಿಡಿತ ಇರುವ ಹುಡುಗ, ಕರಾವಳಿಗೆ ಹೋಗಿ ಇರಲು ಮನಸ್ಸಿದೆ ಅಂದರೆ ಯಕ್ಷಗಾನ ಕೇಂದ್ರ, ಶಾಲೆ ಬಿಡಬಾರದು ಅನ್ನುವ ಷರತ್ತಿನ ಮೇಲೆ. ಹದಿನೆಂಟು ದಾಟಿದೆ, ಮಾರ್ಕ್ಸ್ ಕಡಿಮೆ, ಓದು ನಿಂತಿದೆ, ಆದರೆ ಗಣೇಶ ಹಬ್ಬದ ನಾಟಕದಲ್ಲಿ ಎಲ್ಲರನ್ನೂ ಹಿಡಿದು ನಿಲ್ಲಿಸುತ್ತಾನೆ ಅಂದರೆ ಹೆಗ್ಗೋಡು, ಸಾಣೇಹಳ್ಳಿಗೆ ಅರ್ಜಿ. ಮನೆಯ ಸಂಪಾದನೆ ಅವನೊಬ್ಬನ ಮೇಲೆ ನಿಂತಿದ್ದರೆ ಮಾತ್ರ ಮೊದಲು ಐಟಿಐ, ಆಮೇಲೆ ನಾಟಕ. ಆ ಬಾಗಿಲು ಒಂದೆರಡು ವರ್ಷ ಕಾಯುತ್ತದೆ, ಕ್ರೀಡೆಯದು ಕಾಯುವುದಿಲ್ಲ.

ಮಗುವನ್ನೂ ಕೇಳಿ. ಮೇಷ್ಟ್ರು, ಅಪ್ಪ, ದಾನಿ ಮೂರೂ ಜನ ಸೇರಿ ತೀರ್ಮಾನ ಮಾಡಿದ ಮೇಲೆ ಮಗುವಿಗೆ ತಿಳಿಸುವುದು ಬೇಡ. ರಜೆಯಲ್ಲಿ ಹದಿನೈದು ದಿನದ ಶಿಬಿರಕ್ಕೆ ಕಳಿಸಿ ನೋಡಿ. ಮೈಸೂರಿನ ರಂಗಾಯಣದಲ್ಲಿ ಬೇಸಿಗೆಗೆ ಚಿಣ್ಣರ ಮೇಳ ನಡೆಯುತ್ತದೆ, ಕ್ರೀಡಾ ಇಲಾಖೆಯೂ ಬೇಸಿಗೆ ತರಬೇತಿ ಶಿಬಿರ ನಡೆಸುತ್ತದೆ. ವಾಪಸ್ ಬಂದ ಮೇಲೆ ಮಗು ಅದರ ಬಗ್ಗೆಯೇ ಮಾತಾಡುತ್ತಾ ಇದೆಯಾ ಅಂತ ಗಮನಿಸಿ.

ದುಡ್ಡು ಕೊಡಲು ಮುಂದಾದವರಿಗೆ ಒಂದು ಮಾತು. ಟ್ರೋಫಿ, ಟೀಶರ್ಟು, ಶಾಲು ಹಾರಕ್ಕೆ ಖರ್ಚು ಮಾಡಬೇಡಿ. ಆಯ್ಕೆ ನಡೆಯುವ ಊರಿಗೆ ಬಸ್ ಚಾರ್ಜು ಇಲ್ಲದೆ ಹಿಂದೆ ಉಳಿದ ಮಕ್ಕಳೇ ಜಾಸ್ತಿ. ಹೋಗಿ ಬರುವ ಖರ್ಚು, ಜೊತೆಗೆ ಹೋಗುವ ಅಪ್ಪನ ಆ ದಿನದ ಕೂಲಿ, ಒಂದು ಜೊತೆ ಸ್ಪೈಕ್ ಶೂ, ಅರ್ಜಿಗೆ ಬೇಕಾದ ಜಾತಿ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆಯುವ ಒಬ್ಬ ಜನ, ಇವನ್ನು ಒದಗಿಸಿ. ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಮೂರರಲ್ಲೂ ಹೆಸರು ಮತ್ತು ಹುಟ್ಟಿದ ದಿನ ಒಂದೇ ಇದೆಯಾ ಅಂತ ಈಗಲೇ ನೋಡಿ ಸರಿ ಮಾಡಿಸಿ. ಆಯ್ಕೆಯ ದಿನ ಬೆಳಗ್ಗೆ ಅದನ್ನು ಮಾಡಲು ಆಗುವುದಿಲ್ಲ.